ಬಾಡಿಗೆ ಬಾಕಿ ಬಿದ್ದಿದೆಯಾ? "ಖಾಲಿ ಮಾಡಿ" ಅನ್ನುವ ಮೊದಲು ಮತ್ತು ಅಂದ ಮೇಲೆ ಮಾಡಬೇಕಾದ ಕೆಲಸಗಳು

ತಿಂಗಳ ಐದನೇ ತಾರೀಕು ದಾಟಿತು, ಬಾಡಿಗೆ ಹೊಂದಲಿಲ್ಲ. ಮುಂದಿನ ತಿಂಗಳು ಎರಡನ್ನೂ ಸೇರಿಸಿ ಕೊಟ್ಟರಾಯಿತು ಅಂದುಕೊಂಡಿರಿ. ಅದೂ ಆಗಲಿಲ್ಲ. ಈಗ ಓನರ್ ಗೇಟಿನ ಹತ್ತಿರ ಕಂಡರೆ ಸಾಕು, ಎದೆ ಡವಡವ ಅನ್ನುತ್ತದೆ. ಅವರ ಫೋನ್ ಬಂದರೆ ಎತ್ತುವುದಿಲ್ಲ. "ಅಂಕಲ್ ಬಂದ್ರೆ ಅಪ್ಪ ಮನೇಲಿಲ್ಲ ಅನ್ನು" ಎಂದು ಮಗುವಿಗೆ ಹೇಳಿಕೊಡುವ ಮಟ್ಟಕ್ಕೂ ಬಂದಿರಬಹುದು.

ಕೆಲಸ ಹೋದವರು, ಸಂಬಳ ಬಾರದೆ ಕಾಯುತ್ತಿರುವವರು, ಆಸ್ಪತ್ರೆ ಬಿಲ್ಲಿಗೆ ಬಾಡಿಗೆ ದುಡ್ಡು ಹಾಕಿದವರು, ಅಂಗಡಿ ವ್ಯಾಪಾರ ಕೂತುಹೋದವರು, ಎಲ್ಲರಿಗೂ ಬರುವ ಕಷ್ಟ ಇದು. ಇಲ್ಲಿ ಹೇಳಿರುವುದು ಕರ್ನಾಟಕದಲ್ಲಿ ವಾಸದ ಮನೆಗೆ ಬಾಡಿಗೆ ಕೊಡುವವರಿಗೆ. ಹೆಚ್ಚಿನ ಉದಾಹರಣೆ ಬೆಂಗಳೂರಿನದ್ದು, ಯಾಕೆಂದರೆ ದೊಡ್ಡ ಅಡ್ವಾನ್ಸ್, ದುಬಾರಿ ಬಾಡಿಗೆ, ಊರಲ್ಲಿ ಸ್ವಂತದವರಿಲ್ಲದ ಪರಿಸ್ಥಿತಿ, ಮೂರೂ ಅಲ್ಲಿ ಒಟ್ಟಿಗೆ ಬರುತ್ತವೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಓನರ್ "ನಾಳೆನೇ ಖಾಲಿ ಮಾಡಿ" ಅನ್ನುವ ದಿನಕ್ಕೂ, ಕಾನೂನು ಪ್ರಕಾರ ನೀವು ಹೊರಗೆ ಹೋಗಲೇಬೇಕಾದ ದಿನಕ್ಕೂ ನಡುವೆ ಸಮಯ ಇರುತ್ತದೆ. ಸಾಮಾನ್ಯವಾಗಿ ತಿಂಗಳುಗಟ್ಟಲೆ. ಆ ಸಮಯವನ್ನು ಬಾಗಿಲು ಹಾಕಿಕೊಂಡು ಕಳೆದರೆ ಮನೆಯೂ ಹೋಗುತ್ತದೆ, ಅಡ್ವಾನ್ಸೂ ಕರಗುತ್ತದೆ. ಮಾತಾಡಿ, ಲೆಕ್ಕ ಹಾಕಿ, ಬರೆದಿಟ್ಟುಕೊಂಡು ಕಳೆದರೆ ಎರಡರಲ್ಲಿ ಒಂದಾದರೂ ಉಳಿಯುತ್ತದೆ. ಹಲವು ಸಲ ಎರಡೂ.

ಮೊದಲು ಕಾಗದ ಹುಡುಕಿ, ಲೆಕ್ಕ ಬರೆಯಿರಿ

ಬೀರುವಿನಲ್ಲಿ ಎಲ್ಲೋ ಮಡಿಚಿಟ್ಟಿರುವ ಬಾಡಿಗೆ ಕರಾರು ಪತ್ರ ತೆಗೆಯಿರಿ. ಹೆಚ್ಚಿನದು 11 ತಿಂಗಳದ್ದಾಗಿರುತ್ತದೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ಬೇಡ ಅಂತಲೇ ಈ 11 ತಿಂಗಳ ರೂಢಿ.

ಪತ್ರದಲ್ಲಿ ಅವಧಿ ಯಾವತ್ತು ಮುಗಿಯುತ್ತದೆ ಅಥವಾ ಮುಗಿದಿದೆ ನೋಡಿ. ಖಾಲಿ ಮಾಡಿಸಲು ಎಷ್ಟು ತಿಂಗಳ ನೋಟಿಸ್ ಕೊಡಬೇಕು ಎಂದಿದೆ? ಎರಡು ತಿಂಗಳು ಬಾಡಿಗೆ ತಪ್ಪಿದರೆ ಕರಾರು ರದ್ದು ಎಂಬ ಷರತ್ತು ಇದೆಯಾ? ಅಡ್ವಾನ್ಸ್ ಎಷ್ಟು, ಅದರಲ್ಲಿ ಬಾಕಿ ಮುರಿದುಕೊಳ್ಳುವ ಬಗ್ಗೆ ಏನು ಬರೆದಿದೆ? ಈ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಕರಾರು ಪತ್ರವೇ ಇಲ್ಲ, ಬಾಯಿ ಮಾತಿನಲ್ಲೇ ನಡೆದಿದೆ ಅಂದರೂ ಗಾಬರಿ ಬೇಡ. ತಿಂಗಳ ಬಾಡಿಗೆ ಕೊಡುತ್ತಾ ಬಂದಿದ್ದೀರಿ ಎಂಬುದಕ್ಕೆ ಫೋನ್‌ಪೇ, ಗೂಗಲ್‌ಪೇ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, ಓನರ್ ಕಳಿಸಿದ ವಾಟ್ಸಾಪ್ ಮೆಸೇಜು, ಆ ವಿಳಾಸದ ಗ್ಯಾಸ್ ಪುಸ್ತಕ ಎಲ್ಲವೂ ಸಾಕ್ಷಿಯೇ.

ಆಮೇಲೆ ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆಯಿರಿ: ಯಾವ ತಿಂಗಳು, ಕೊಡಬೇಕಾದದ್ದು ಎಷ್ಟು, ಕೊಟ್ಟಿದ್ದು ಎಷ್ಟು, ಹೇಗೆ ಕೊಟ್ಟಿದ್ದು. ನೀರಿನ ದುಡ್ಡು, ಮೇಂಟೆನೆನ್ಸ್ ಬೇರೆ ಸಾಲಿನಲ್ಲಿರಲಿ. ಕೈಯಲ್ಲಿ ಕೊಟ್ಟ ದುಡ್ಡಿಗೆ ರಸೀದಿ ಇಲ್ಲದಿದ್ದರೆ ಆ ತಿಂಗಳ ಪಕ್ಕದಲ್ಲಿ ಯಾರ ಎದುರು ಕೊಟ್ಟಿರಿ ಎಂದು ಬರೆದಿಡಿ. ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದೇ ಇಲ್ಲಿ. ಓನರ್ ನಾಲ್ಕು ತಿಂಗಳು ಅನ್ನುತ್ತಾರೆ, ನೀವು ಮೂರು ಅನ್ನುತ್ತೀರಿ. ಬಾಕಿ ಎಷ್ಟು ಎಂಬುದರಲ್ಲಿ ಒಮ್ಮತ ಬಂದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಲೆಕ್ಕವೂ ಬೇಕು. ಈಗ ಮನೆಗೆ ಬರುತ್ತಿರುವ ಆದಾಯದಲ್ಲಿ ಈ ಬಾಡಿಗೆಯನ್ನು ಮುಂದಿನ ಆರು ತಿಂಗಳು ಕಟ್ಟಲು ಆಗುತ್ತದಾ? ಮನಸ್ಸು ಗಟ್ಟಿ ಮಾಡಿಕೊಂಡು ಉತ್ತರ ಬರೆಯಿರಿ. ಆಗುತ್ತದೆ ಅಂದರೆ ಮನೆ ಉಳಿಸಿಕೊಳ್ಳುವ ದಾರಿ ಹಿಡಿಯಿರಿ. ಆಗುವುದಿಲ್ಲ ಅಂದರೆ ಅಡ್ವಾನ್ಸ್ ಇನ್ನೂ ಉಳಿದಿರುವಾಗಲೇ ಚಿಕ್ಕ ಮನೆಗೆ ಹೋಗುವುದು ಒಳ್ಳೆಯದು. ಇದು ಸೋಲೇನಲ್ಲ. ಅಡ್ವಾನ್ಸ್ ಪೂರ್ತಿ ಕರಗಿದ ಮೇಲೆ ಹೋಗುವವರಿಗೆ ಮುಂದಿನ ಮನೆಯೇ ಸಿಗುವುದಿಲ್ಲ, ನಿಜವಾದ ಸಂಕಟ ಅದು.

ಓನರ್ ಹತ್ತಿರ ನೀವೇ ಹೋಗಿ

ಅವರು ಬಂದು ಕೇಳುವ ಮೊದಲು ನೀವು ಹೋಗುವುದಕ್ಕೂ, ನಾಲ್ಕು ಸಲ ಕೇಳಿಸಿಕೊಂಡು ಹೋಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಬೆಂಗಳೂರಿನಲ್ಲಿ ಮೂರ್ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿರುವ ಬಹಳ ಜನ ನಿವೃತ್ತರು, ಇಲ್ಲವೇ ಕಟ್ಟಿದ ಸಾಲಕ್ಕೆ ಬ್ಯಾಂಕಿನ ಕಂತು ಕಟ್ಟುತ್ತಿರುವವರು. ನಿಮ್ಮ ಬಾಡಿಗೆ ನಿಂತರೆ ಅವರ ಕಂತು ನಿಲ್ಲುತ್ತದೆ. ಅದನ್ನು ಅರ್ಥ ಮಾಡಿಕೊಂಡು ಹೋದರೆ ಮಾತು ಬೇರೆ ಥರ ಇರುತ್ತದೆ.

ಹೋಗುವಾಗ ಮೂರು ವಿಷಯ ಕೈಯಲ್ಲಿರಲಿ: ಬಾಕಿಯ ಲೆಕ್ಕ, ಯಾಕೆ ಹೀಗಾಯಿತು ಎಂಬುದಕ್ಕೆ ಒಂದು ಸಾಲಿನ ಕಾರಣ, ಹೇಗೆ ತೀರಿಸುತ್ತೀರಿ ಎಂಬ ಯೋಜನೆ. ಸಾಧ್ಯವಾದರೆ ಸ್ವಲ್ಪ ದುಡ್ಡೂ ಇರಲಿ, ಎರಡು ಸಾವಿರವಾದರೂ ಸರಿ. ಹೀಗೆ ಮಾತು ಶುರು ಮಾಡಬಹುದು:

"ಸಾರ್, ಜೂನ್‌ದು ಹಿಡಿದು ಮೂರು ತಿಂಗಳ ಬಾಡಿಗೆ ನಿಮಗೆ ಕೊಡೋದಿದೆ. ಕಂಪನೀಲಿ ಕೆಲಸ ತೆಗೆದ್ರು, ಅದಕ್ಕೇ ಹೀಗಾಯ್ತು. ಈಗ ಬೇರೆ ಕಡೆ ಸೇರಿದ್ದೀನಿ, ಮುಂದಿನ ತಿಂಗಳಿಂದ ಸಂಬಳ ಬರುತ್ತೆ. ಬಾಕಿ ಒಂದೇ ಸಲ ಕೊಡೋಕಾಗಲ್ಲ. ಹೇಗೆ ಕೊಡ್ತೀನಿ ಅಂತ ಬರ್ಕೊಂಡು ಬಂದಿದ್ದೀನಿ, ಸ್ವಲ್ಪ ನೋಡ್ತೀರಾ?"

ಇಷ್ಟೇ ಸಾಕು. ಅಳುವುದು ಬೇಡ, ಸುಳ್ಳು ತಾರೀಕು ಬೇಡ. "ಸೋಮವಾರ ಪಕ್ಕಾ" ಎಂದು ಹೇಳಿ ಎರಡು ಸೋಮವಾರ ತಪ್ಪಿಸಿದರೆ ಮೂರನೆಯ ಸಲ ನಿಜ ಹೇಳಿದರೂ ನಂಬುವುದಿಲ್ಲ. ಆಗುವುದಕ್ಕಿಂತ ಸ್ವಲ್ಪ ಕಡಿಮೆಯೇ ಒಪ್ಪಿಕೊಳ್ಳಿ, ಒಪ್ಪಿಕೊಂಡದ್ದನ್ನು ಮಾತ್ರ ತಪ್ಪಿಸಬೇಡಿ.

ಅಡ್ವಾನ್ಸ್ ಇರುವುದು ನಿಮ್ಮ ದೊಡ್ಡ ಬಲ. ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳ ಬಾಡಿಗೆಯಷ್ಟು ಕೇಳುತ್ತಿದ್ದರು. ಈಗ ಐದಾರು ತಿಂಗಳಿಗೆ ಒಪ್ಪುವವರು ಹೆಚ್ಚಿದ್ದಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಅನ್ನುತ್ತದೆ, ಆದರೆ ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದು ನಮಗೆ ಅನ್ವಯ. ಅಡ್ವಾನ್ಸ್ ಇದೆಯಲ್ಲ, ಅದರಲ್ಲೇ ಮುರಿದುಕೊಳ್ಳಲಿ ಎಂದು ನಿಮ್ಮಷ್ಟಕ್ಕೆ ನೀವೇ ತೀರ್ಮಾನಿಸಿ ಸುಮ್ನೆ ಕೂರಬೇಡಿ. ಓನರ್ ಒಪ್ಪಿ, ಅದು ಬರವಣಿಗೆಯಲ್ಲಿ ಇದ್ದರೆ ಮಾತ್ರ ಅದಕ್ಕೆ ಬೆಲೆ. ಮಾತಾದ ದಿನವೇ ಇಂಥದ್ದೊಂದು ಪತ್ರ ಮಾಡಿಕೊಳ್ಳಿ:

"ಮಾನ್ಯರೇ, ನಾನು ನಿಮ್ಮ ಮನೆಯ ಮೊದಲನೇ ಮಹಡಿಯಲ್ಲಿ ತಿಂಗಳಿಗೆ ರೂ. 12,000 ಬಾಡಿಗೆಗೆ ಇದ್ದೇನೆ. ನನ್ನ ಅಡ್ವಾನ್ಸ್ ರೂ. 60,000 ನಿಮ್ಮ ಬಳಿ ಇದೆ. ಜೂನ್, ಜುಲೈ, ಆಗಸ್ಟ್ ತಿಂಗಳ ಬಾಡಿಗೆ ಒಟ್ಟು ರೂ. 36,000 ಬಾಕಿ ಇದೆ. ಈ ದಿನ ಮಾತಾಡಿಕೊಂಡಂತೆ ಇದರಲ್ಲಿ ರೂ. 24,000 ಅನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು. ಉಳಿದ ರೂ. 12,000 ಅನ್ನು ಸೆಪ್ಟೆಂಬರ್‌ನಿಂದ ಪ್ರತಿ ತಿಂಗಳ 10ನೇ ತಾರೀಕಿನೊಳಗೆ, ಆಯಾ ತಿಂಗಳ ಬಾಡಿಗೆಯ ಜೊತೆಗೆ ರೂ. 2,000 ದಂತೆ ಆರು ಕಂತಿನಲ್ಲಿ ಕೊಡುತ್ತೇನೆ. ಹೀಗೆ ಕೊಡುತ್ತಿರುವವರೆಗೆ ಈ ಬಾಕಿಯ ಕಾರಣಕ್ಕೆ ಮನೆ ಖಾಲಿ ಮಾಡಿಸುವುದಿಲ್ಲ ಎಂದು ತಾವು ಒಪ್ಪಿದ್ದೀರಿ. ಮುರಿದುಕೊಂಡ ನಂತರ ಉಳಿಯುವ ಅಡ್ವಾನ್ಸ್ ರೂ. 36,000."

ಕೆಳಗೆ ತಾರೀಕು, ಇಬ್ಬರ ಸಹಿ. ಎರಡು ಪ್ರತಿ ಮಾಡಿ ಒಂದನ್ನು ನೀವಿಟ್ಟುಕೊಳ್ಳಿ. ಓನರ್ "ಅದೆಲ್ಲ ಯಾಕಪ್ಪಾ, ಮಾತು ಸಾಕು" ಅಂದರೆ ಒತ್ತಾಯ ಮಾಡಬೇಡಿ. ಅದೇ ಸಂಜೆ ಅದೇ ಒಕ್ಕಣೆಯನ್ನು ವಾಟ್ಸಾಪಿನಲ್ಲಿ ಕಳಿಸಿ, "ಸರಿ ತಾನೇ ಸಾರ್?" ಎಂದು ಕೇಳಿ. ಅವರು "ಓಕೆ" ಅಂದರೆ ಅದೂ ಒಂದು ದಾಖಲೆ.

ಮಾತುಕತೆಯಲ್ಲಿ ಎರಡು ಕಡೆ ಜೋಪಾನ. ಖಾಲಿ ಸ್ಟಾಂಪ್ ಪೇಪರಿಗೆ, ಮೊತ್ತ ಬರೆಯದ ಕಾಗದಕ್ಕೆ ಸಹಿ ಹಾಕಲೇಬೇಡಿ. ಮುಂದಿನ ತಾರೀಕಿನ ಚೆಕ್ ಕೊಡಿ ಎಂದು ಕೇಳಿದರೆ ನಯವಾಗಿ ಬೇಡ ಅನ್ನಿ. ಬಾಡಿಗೆ ಬಾಕಿ ಸಿವಿಲ್ ವಿಷಯ, ಅದಕ್ಕಾಗಿ ಯಾರೂ ಜೈಲಿಗೆ ಹೋಗುವುದಿಲ್ಲ. ಆದರೆ ಚೆಕ್ ಬೌನ್ಸ್ ಆದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಶಿಕ್ಷೆ ಇದೆ. ಸಿವಿಲ್ ಬಾಕಿಯನ್ನು ನಾವೇ ಕೈಯಾರೆ ಕ್ರಿಮಿನಲ್ ಮಾಡಿಕೊಂಡಂತಾಗುತ್ತದೆ.

ದುಡ್ಡು ಹೊಂದಿಸುವಾಗ

ಕಷ್ಟದಲ್ಲಿ ಮೊದಲು ಕಣ್ಣಿಗೆ ಬೀಳುವವನು ಮೀಟರ್ ಬಡ್ಡಿಯವನು. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಅಂದರೆ ವರ್ಷಕ್ಕೆ ನೂರಕ್ಕೆ ನೂರಿಪ್ಪತ್ತು. ಮೂರು ತಿಂಗಳ ಬಾಕಿ 36,000 ತೀರಿಸಲು ಅವನ ಹತ್ತಿರ ಹೋದರೆ ತಿಂಗಳಿಗೆ 3,600 ಬರೀ ಬಡ್ಡಿಗೆ. ಓನರ್‌ಗೆ ಕೊಡಬೇಕಿದ್ದ ಬಾಕಿಗೆ ಸಾಮಾನ್ಯವಾಗಿ ಬಡ್ಡಿಯೇ ಇರಲಿಲ್ಲ, ಅಲ್ವಾ? ಹಾಗಾಗಿ ಬಾಡಿಗೆ ತೀರಿಸಲು ಮೀಟರ್ ಬಡ್ಡಿ ತರಬೇಡಿ. ಕರ್ನಾಟಕದಲ್ಲಿ ಲೇವಾದೇವಿದಾರರು ಆಧಾರ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ. 14, ಆಧಾರವಿಲ್ಲದ ಸಾಲಕ್ಕೆ ಶೇ. 16ಕ್ಕಿಂತ ಹೆಚ್ಚು ಬಡ್ಡಿ ಕೇಳುವಂತಿಲ್ಲ. ದುಬಾರಿ ಬಡ್ಡಿ ನಿಷೇಧಕ್ಕೆ 2004ರ ಕಾಯ್ದೆ ಬೇರೆ ಇದೆ. ಸಾಲಗಾರರಿಗೆ ಕಿರುಕುಳ ಕೊಡುವುದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿದ್ದೂ ಇದೇ ಕಾರಣಕ್ಕೆ. ಮೊಬೈಲ್ ಆ್ಯಪ್‌ಗಳ ಐದು ನಿಮಿಷದ ಸಾಲಕ್ಕೂ ಇದೇ ಮಾತು.

ಮನೆಯಲ್ಲಿ ಚಿನ್ನ ಇದ್ದರೆ ಗಲ್ಲಿಯ ಗಿರವಿ ಅಂಗಡಿ ಬಿಟ್ಟು ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಇಡಿ. ಕೆಲಸ ಹೋಗಿದ್ದರೆ ಪಿಎಫ್ ಖಾತೆಯಿಂದ ಒಂದು ಭಾಗ ತೆಗೆಯಲು ಅವಕಾಶ ಇದೆ, ಉಮಂಗ್ ಆ್ಯಪ್‌ನಲ್ಲೇ ಅರ್ಜಿ ಹಾಕಬಹುದು. ಇಎಸ್‌ಐ ಇದ್ದವರು ಹತ್ತಿರದ ಶಾಖಾ ಕಚೇರಿಯಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆ ಕೇಳಿ. ಕೆಲಸ ಹೋದವರಿಗೆ ಸಂಬಳದ ಅರ್ಧದಷ್ಟನ್ನು 90 ದಿನದವರೆಗೆ ಕೊಡುವ ಯೋಜನೆ ಅದು.

ಬಾಡಿಗೆದಾರರಿಗೂ ಗೃಹಜ್ಯೋತಿ ಇದೆ, ತಿಂಗಳಿಗೆ 200 ಯೂನಿಟ್‌ವರೆಗೆ. ನೋಂದಣಿ ಮಾಡಿಸದೆ ಕರೆಂಟ್ ಬಿಲ್ ಕಟ್ಟುತ್ತಿದ್ದರೆ ಮೊದಲು ಅದನ್ನು ಮಾಡಿಸಿ. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಒಳ್ಳೆಯದೇ, ಆದರೆ ಕಂತು ತಡವಾಗುವುದುಂಟು. ಅದನ್ನು ನಂಬಿ ಓನರ್‌ಗೆ ತಾರೀಕು ಹೇಳಬೇಡಿ. ಚೀಟಿ ಹಾಕಿದ್ದರೆ ಈ ಸಲ ಎತ್ತಿಬಿಡೋಣ ಅನಿಸುತ್ತದೆ. ಕಳೆದುಕೊಳ್ಳುವ ಕಸರು ಎಷ್ಟು, ಎತ್ತಿದ ಮೇಲೆ ಉಳಿದ ಕಂತು ಕಟ್ಟಲು ಆಗುತ್ತದಾ ಎಂದು ನೋಡಿಕೊಂಡು ಎತ್ತಿ.

ಯಾವುದನ್ನು ಮೊದಲು ಕಟ್ಟಬೇಕು ಎಂಬ ಗೊಂದಲ ಎಲ್ಲರಿಗೂ. ನನ್ನ ಲೆಕ್ಕದಲ್ಲಿ ಊಟ, ಔಷಧಿ, ಬಾಡಿಗೆ ಮೊದಲು. ಕ್ರೆಡಿಟ್ ಕಾರ್ಡ್, ಟಿವಿಯ ಕಂತು ಆಮೇಲೆ. ಹೆಚ್ಚು ಸಲ ಫೋನ್ ಮಾಡಿ ಬೈಯುವವರಿಗೆ ಮೊದಲು ಕೊಡುವ ಅಭ್ಯಾಸ ನಮ್ಮಲ್ಲಿದೆ. ಸೂರು ಕೊಟ್ಟವರು ಮೃದುವಾಗಿ ಕೇಳುತ್ತಾರೆ ಅಂತ ಅವರನ್ನು ಕೊನೆಗೆ ಇಡಬೇಡಿ.

ನೋಟಿಸ್ ಬಂದರೆ

ಅಂಚೆಯವರು ಲಕೋಟೆ ತಂದರೆ ಸಹಿ ಹಾಕಿ ತೆಗೆದುಕೊಳ್ಳಿ. ಬೇಡ ಎಂದು ವಾಪಸ್ ಕಳಿಸಿದರೂ ಕಾನೂನಿನ ಕಣ್ಣಲ್ಲಿ ಅದು ನಿಮಗೆ ತಲುಪಿದಂತೆಯೇ. ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ, ಅಷ್ಟೇ ನಷ್ಟ. ಲಕೋಟೆಯ ಮೇಲೆ ಕೈಗೆ ಬಂದ ತಾರೀಕು ಬರೆದಿಡಿ.

ಯಾವ ಕಾನೂನು ನಿಮಗೆ ಅನ್ವಯ ಎಂಬುದು ಇಲ್ಲಿ ಮುಖ್ಯ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಎಂದು ಒಂದಿದೆ. ಬಾಡಿಗೆದಾರರಿಗೆ ಅದರಲ್ಲಿ ರಕ್ಷಣೆ ಜಾಸ್ತಿ. ಬಾಕಿ ಕೇಳಿ ನೋಟಿಸ್ ಬಂದ ಮೇಲೆ ಎರಡು ತಿಂಗಳೊಳಗೆ ಪೂರ್ತಿ ಕೊಟ್ಟುಬಿಟ್ಟರೆ ಬಾಕಿಯ ಕಾರಣಕ್ಕೆ ಹೊರಗೆ ಹಾಕುವಂತಿಲ್ಲ. ಆದರೆ ಬೆಂಗಳೂರಿನಂಥ ದೊಡ್ಡ ಊರಲ್ಲಿ ತಿಂಗಳ ಬಾಡಿಗೆ 3,500, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹೊಸದಾಗಿ ಕಟ್ಟಿದ ಮನೆಗೆ 15 ವರ್ಷ ಅದರಿಂದ ವಿನಾಯಿತಿಯೂ ಇದೆ. ಹಳೇ ವಠಾರದ ಹಳೇ ಬಾಡಿಗೆಯವರನ್ನು ಬಿಟ್ಟರೆ ಇಂದು ಬಹುಪಾಲು ಜನರಿಗೆ ಅದು ಸಿಗುವುದಿಲ್ಲ.

ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಗೆ ಇರುವವರನ್ನು ಖಾಲಿ ಮಾಡಿಸಲು ಅದರ 106ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್ ಸಾಕು. ಕರಾರಿನಲ್ಲಿ ಒಂದೋ ಎರಡೋ ತಿಂಗಳು ಎಂದಿದ್ದರೆ ಕರಾರಿನ ಮಾತೇ ಮೇಲು. 11 ತಿಂಗಳ ಅವಧಿ ಇನ್ನೂ ನಡೆಯುತ್ತಿದ್ದರೆ, ಬಾಡಿಗೆ ತಪ್ಪಿದರೆ ಕರಾರು ರದ್ದು ಎಂಬ ಷರತ್ತು ಇದ್ದಾಗ ಮಾತ್ರ ಬಾಕಿಯ ಕಾರಣ ಹೇಳಿ ನಡುವೆ ಮುರಿಯಬಹುದು, ಅದಕ್ಕೂ ಲಿಖಿತ ನೋಟಿಸ್ ಬೇಕು. ಹೀಗೆ ಬಾಕಿಗಾಗಿ ಕರಾರು ರದ್ದಾಗಿ ಕೇಸು ನಡೆದರೆ 114ನೇ ಕಲಂ ಒಂದು ಬಾಗಿಲು ತೆರೆದಿಟ್ಟಿದೆ. ವಿಚಾರಣೆಯ ಹೊತ್ತಿಗೆ ಬಾಕಿ, ಅದರ ಬಡ್ಡಿ, ದಾವೆಯ ಖರ್ಚು ಪೂರ್ತಿ ಕಟ್ಟಿದರೆ ನ್ಯಾಯಾಧೀಶರು ನಿಮ್ಮನ್ನು ಆ ಮನೆಯಲ್ಲೇ ಮುಂದುವರಿಸಬಹುದು. ಮುಂದುವರಿಸಲೇಬೇಕು ಅಂತಿಲ್ಲ.

ಅವಧಿ ಮುಗಿದು ತಿಂಗಳ ಬಾಡಿಗೆಯಲ್ಲಿ ಇರುವವರಿಗೆ 15 ದಿನದ ನೋಟಿಸ್ ಬಂದಿದ್ದರೆ, ಬಾಕಿ ಪೂರ್ತಿ ಕಟ್ಟಿದರೂ ಮನೆ ಉಳಿದೇ ಉಳಿಯುತ್ತದೆ ಎಂಬ ಖಾತರಿ ಇಲ್ಲ. ಕಹಿಯಾದರೂ ಇದನ್ನು ಹೇಳಲೇಬೇಕು. ಅದಕ್ಕೇ ನೋಟಿಸ್ ಬರುವ ಮೊದಲಿನ ಮಾತುಕತೆಗೆ ಅಷ್ಟು ಬೆಲೆ.

ಆದರೂ ಆ 15 ದಿನ ಮುಗಿದ ಮಾರನೇ ದಿನ ಓನರ್ ನಿಮ್ಮ ಸಾಮಾನು ಹೊರಗೆ ಹಾಕುವಂತಿಲ್ಲ. ನೋಟಿಸ್ ಅವಧಿ ಮುಗಿದರೆ ಅವರಿಗೆ ಸಿಗುವುದು ಕೋರ್ಟಿಗೆ ಹೋಗುವ ಹಕ್ಕು. ಮನೆ ಖಾಲಿ ಮಾಡಿಸುವುದು ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ), ಅದರ ಜಾರಿಗೆ ಬರುವ ಕೋರ್ಟಿನ ಅಮೀನ. ನೋಟಿಸಿಗೆ ಉತ್ತರ ಕೊಡಿ. ವಕೀಲರಿಂದ ಕೊಡಿಸಿದರೆ ಒಳ್ಳೆಯದು, ಆಗದಿದ್ದರೆ ನೀವೇ ಬರೆಯಿರಿ: ಬಾಕಿ ಎಷ್ಟು ಒಪ್ಪುತ್ತೀರಿ, ಎಷ್ಟು ಒಪ್ಪುವುದಿಲ್ಲ, ಅಡ್ವಾನ್ಸ್ ಎಷ್ಟು ಅವರ ಬಳಿ ಇದೆ, ಹೇಗೆ ತೀರಿಸುತ್ತೀರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಈ ನಡುವೆ ಆದಷ್ಟು ಬಾಡಿಗೆಯನ್ನು ಅವರ ಬ್ಯಾಂಕ್ ಖಾತೆಗೆ ಹಾಕುತ್ತಾ ಇರಿ, ಯಾವ ತಿಂಗಳದ್ದು ಎಂದು ಅದರಲ್ಲೇ ಬರೆಯಿರಿ. ಕೇಸು ಹೇಗೂ ವರ್ಷಗಟ್ಟಲೆ ಎಳೆಯುತ್ತದೆ, ಬಾಡಿಗೆ ಕೊಡದೆ ಇರಬಹುದು ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ. ನೋಟಿಸ್ ಅವಧಿ ಮುಗಿದ ಮೇಲೆ ನೀವು ಇದ್ದಷ್ಟು ದಿನಕ್ಕೆ ಕೋರ್ಟು ನಷ್ಟ ಪರಿಹಾರ ಹಾಕಬಹುದು, ಅದು ಹಳೇ ಬಾಡಿಗೆಗಿಂತ ಜಾಸ್ತಿಯೂ ಇರಬಹುದು.

ಬೀಗ ಹಾಕಿದರೆ, ಕರೆಂಟ್ ತೆಗೆದರೆ

ನೀವು ಕೆಲಸಕ್ಕೆ ಹೋದಾಗ ಬಾಗಿಲಿಗೆ ಇನ್ನೊಂದು ಬೀಗ, ನೀರಿನ ವಾಲ್ವ್ ಬಂದ್, ಮೀಟರ್ ಬೋರ್ಡಿನ ಫ್ಯೂಸ್ ಮಾಯ. ಬಾಕಿ ಎಷ್ಟೇ ಇರಲಿ, ಇದು ತಪ್ಪು. ಮೊದಲು ಫೋನಿನಲ್ಲಿ ಫೋಟೊ, ವಿಡಿಯೊ ತೆಗೆಯಿರಿ: ಹೊಸ ಬೀಗ, ಹೊರಗೆ ಬಿದ್ದ ಸಾಮಾನು, ಕತ್ತಲ ಮನೆ. ಅಕ್ಕಪಕ್ಕದವರನ್ನು ಕರೆದು ತೋರಿಸಿ. ಬೀಗ ನೀವೇ ಒಡೆಯಬೇಡಿ, ಕೈ ಕೈ ಮಿಲಾಯಿಸಬೇಡಿ.

112ಕ್ಕೆ ಫೋನ್ ಮಾಡಿ. ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅನ್ನುವುದು ಮಾಮೂಲು. ಬಾಕಿ ಸಿವಿಲ್ ವಿಷಯ, ಸರಿ. ಆದರೆ ನೀವು ವಾಸವಿರುವ ಮನೆಗೆ ನುಗ್ಗುವುದು, ಹೋಗದಂತೆ ಅಡ್ಡಗಟ್ಟುವುದು, ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. 329, 126, 351ನೇ ಕಲಂಗಳನ್ನು ದೂರಿನಲ್ಲಿ ಬರೆಯಬಹುದು. ದೂರನ್ನು ಎರಡು ಪ್ರತಿಯಲ್ಲಿ ಬರೆದುಕೊಂಡು ಹೋಗಿ. ಕೇಸು ದಾಖಲಿಸದಿದ್ದರೆ "ಹಿಂಬರಹ ಕೊಡಿ ಸಾರ್" ಎಂದು ಕೇಳಿ, ಮುಂದೆ ಕೋರ್ಟಿನಲ್ಲಿ ಆ ಚೀಟಿ ಕೆಲಸಕ್ಕೆ ಬರುತ್ತದೆ. ಹಾಗೆಯೇ, ಓನರ್ ಪರವಾಗಿ ನಿಮ್ಮನ್ನು ಖಾಲಿ ಮಾಡಿಸುವ ಅಧಿಕಾರ ಪೊಲೀಸರಿಗೂ ಇಲ್ಲ. ಠಾಣೆಗೆ ಕರೆಸಿ "ಈ ತಾರೀಕಿನೊಳಗೆ ಬಿಡ್ತೀನಿ ಅಂತ ಬರ್ಕೊಡು" ಅಂದರೆ ವಕೀಲರನ್ನು ಕೇಳದೆ ಬರೆದುಕೊಡಬೇಡಿ.

ಕರೆಂಟಿಗೆ ಬೆಸ್ಕಾಂನ 1912, ಬೆಂಗಳೂರಿನ ಜಲಮಂಡಳಿ ನೀರಿಗೆ 1916 ಸಹಾಯವಾಣಿ. ವಿದ್ಯುತ್ ಮೂಲ ಸೌಕರ್ಯ, ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಹೊರಗೆ ಹಾಕುವ ಬೆದರಿಕೆ ಇದ್ದರೆ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ಕೇಳಬಹುದು. ಹೊರಗೆ ಹಾಕಿಯೇ ಬಿಟ್ಟಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದವರ ವಿರುದ್ಧ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ಆದರೆ ಹೊರಗೆ ಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹಾಕಬೇಕು. ಈ ಆರು ತಿಂಗಳು ತಪ್ಪಿಸಿಕೊಳ್ಳಬೇಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಉಚಿತ ಕಾನೂನು ನೆರವು ಕೇಳಿ. 15100ಕ್ಕೆ ಫೋನ್ ಮಾಡಬಹುದು. ಪ್ರತಿ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟಿದ್ದರೂ ಅರ್ಹರು, ಉಳಿದವರಿಗೆ ಆದಾಯದ ಮಿತಿ ಇದೆ. ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಇವರ ಬಳಿ ಇದೆ. ಓನರ್ ಜೊತೆ ಮಾತು ಮುರಿದಿದ್ದರೆ ನಾನು ಮೊದಲು ಇಲ್ಲಿಗೆ ಹೋಗಿ ಅನ್ನುತ್ತೇನೆ. ಏರಿಯಾದ ಪುಡಿ ಲೀಡರ್‌ನನ್ನು ಪಂಚಾಯ್ತಿಗೆ ಕರೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಕೋರ್ಟಿನಿಂದ ಸಮನ್ಸ್ ಬಂದರೆ

ಹೋಗಿ. ಇಷ್ಟು ಮಾಡಿದರೂ ಸಾಕು, ಎಷ್ಟೋ ನಷ್ಟ ತಪ್ಪುತ್ತದೆ. ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಏಕಪಕ್ಷೀಯ ಡಿಕ್ರಿ ಆಗುತ್ತದೆ, ಆಮೇಲೆ ಅಮೀನ ಬಾಗಿಲಿಗೆ ಬಂದಾಗಲೇ ವಿಷಯ ಗೊತ್ತಾಗುವುದು. ಹಾಗಾಗಿದ್ದರೂ 30 ದಿನದೊಳಗೆ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು, ಆದರೆ ಹೋಗದಿದ್ದಕ್ಕೆ ಸರಿಯಾದ ಕಾರಣ ಹೇಳಬೇಕು. ಮಾಮೂಲಿ ಸಿವಿಲ್ ದಾವೆಯಲ್ಲಿ ಸಮನ್ಸ್ ಸಿಕ್ಕಿದ 30 ದಿನದೊಳಗೆ ನಿಮ್ಮ ಲಿಖಿತ ಹೇಳಿಕೆ ಕೊಡಬೇಕು, ಕೋರ್ಟು ಒಪ್ಪಿದರೆ 90 ದಿನದವರೆಗೆ.

ಲೋಕ ಅದಾಲತ್‌ನಲ್ಲಿ ರಾಜಿ ಆಗಬಹುದು. "ನಾಲ್ಕು ತಿಂಗಳಲ್ಲಿ ಬಿಡುತ್ತೇನೆ, ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಂಡು ಉಳಿದದ್ದನ್ನು ಬೀಗದ ಕೈ ಕೊಡುವ ದಿನ ಕೊಡಲಿ" ಎಂಬಂಥ ರಾಜಿ ಇಬ್ಬರಿಗೂ ಅನುಕೂಲ. ಅದಾಲತ್‌ನ ತೀರ್ಪಿನ ಮೇಲೆ ಅಪೀಲು ಇಲ್ಲ, ಆದ್ದರಿಂದ ತಾರೀಕು, ಮೊತ್ತ ಎರಡೆರಡು ಸಲ ಓದಿ ಸಹಿ ಹಾಕಿ. ಡಿಕ್ರಿ ಆದರೂ ಮಕ್ಕಳ ಪರೀಕ್ಷೆ, ಮನೆಯಲ್ಲಿ ಬಾಣಂತಿ, ಹಾಸಿಗೆ ಹಿಡಿದ ಹಿರಿಯರು ಇದ್ದರೆ ಕಾಲಾವಕಾಶ ಕೇಳಿ. ಇಂಥ ತಾರೀಕಿಗೆ ಬಿಡುತ್ತೇನೆ ಎಂದು ಪ್ರಮಾಣಪತ್ರ ಕೊಟ್ಟವರಿಗೆ ಕೋರ್ಟುಗಳು ಸಮಯ ಕೊಡುವುದುಂಟು. ಬಾಕಿಗಾಗಿ ಸಾಮಾನು ಜಪ್ತಿ ಮಾಡುವ ಮಾತು ಬಂದರೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕಸುಬುದಾರರ ಉಪಕರಣ, ಹೆಂಗಸರು ಸಂಪ್ರದಾಯದಂತೆ ತೆಗೆಯಬಾರದ ಆಭರಣ ಇವನ್ನು ಮುಟ್ಟುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ಕೋರ್ಟಿಗೇ ಈ ಮಿತಿ ಇರುವಾಗ, ಫ್ರಿಡ್ಜು ಇಟ್ಟುಕೊಳ್ಳುತ್ತೇನೆ ಎಂದು ಓನರ್ ಹೇಳಿದರೆ ಅದು ನಡೆಯುವ ಮಾತಲ್ಲ.

ಬಾಡಿಗೆ ಕಟ್ಟುತ್ತಿದ್ದ ಗಂಡ ಬಿಟ್ಟುಹೋಗಿದ್ದರೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಕರಾರು ಗಂಡನ ಹೆಸರಲ್ಲಿ, ಅವನು ಮನೆ ಬಿಟ್ಟು ಹೋಗಿದ್ದಾನೆ, ಬಾಡಿಗೆ ನಿಂತಿದೆ, ಓನರ್ ಹೆಂಡತಿ ಮಕ್ಕಳನ್ನು ಹೊರಗೆ ಹೋಗಿ ಅನ್ನುತ್ತಿದ್ದಾರೆ. "ಕರಾರಿನಲ್ಲಿ ನಿಮ್ಮ ಹೆಸರೇ ಇಲ್ಲಮ್ಮ" ಎಂಬ ಮಾತಿಗೆ ಹೆದರಬೇಡಿ. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್, ಗಂಡ ಕೇಸು ನಡೆಸದೆ ಕೈಬಿಟ್ಟರೆ ಅವನು ತೊರೆದ ಹೆಂಡತಿ ತಾನೇ ನಿಂತು ವಾದಿಸಬಹುದು ಎಂದಿದೆ. ಬಾಡಿಗೆದಾರನಿಗೆ ಇದ್ದಷ್ಟೇ ಹಕ್ಕು ಅವಳಿಗೂ ಇರುತ್ತದೆ, ಬಾಡಿಗೆಯ ಹೊಣೆಯೂ ಸೇರಿ. ಜೊತೆಗೆ ಅದೇ ವರ್ಷದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 19ನೇ ಕಲಂ ಅಡಿ, ಇರಲು ಮನೆ ಕೊಡು ಅಥವಾ ಬಾಡಿಗೆ ಕಟ್ಟು ಎಂದು ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶ ಮಾಡಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ಸಖಿ ಕೇಂದ್ರದ ದಾರಿ ಹೇಳುತ್ತಾರೆ. ತುರ್ತಾಗಿ ತಂಗಲು ಜಾಗವೂ ಅಲ್ಲಿ ಸಿಗುತ್ತದೆ.

ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಇರುವವರಿಗೆ ಬಾಡಿಗೆ ಬಾಕಿಯ ಚಿಂತೆ ಇಲ್ಲ. ಅವರ ಅಪಾಯ ಬೇರೆ: ಓನರ್ ಬ್ಯಾಂಕಿಗೆ ಸಾಲ ಕಟ್ಟದೆ, ಗೋಡೆಗೆ ಬ್ಯಾಂಕಿನ ನೋಟಿಸ್ ಅಂಟುವುದು. ಹಾಗೆ ಅಂಟಿದರೆ ಒಂದು ದಿನವೂ ಕಾಯದೆ ಕರಾರು, ದುಡ್ಡು ಕೊಟ್ಟ ದಾಖಲೆ ಹಿಡಿದು ವಕೀಲರ ಹತ್ತಿರ ಹೋಗಿ.

ಬಿಟ್ಟು ಹೋಗುವುದೇ ಸರಿ ಅನಿಸಿದರೆ

ಲೆಕ್ಕ ಮುಗಿಸಿಕೊಂಡು ಹೋಗಿ. ರಾತ್ರೋರಾತ್ರಿ ಸಾಮಾನು ಸಾಗಿಸಿದರೆ ಬಾಕಿ ಅಳಿಯುವುದಿಲ್ಲ, ಮೂರು ವರ್ಷದವರೆಗೆ ಅದಕ್ಕಾಗಿ ದಾವೆ ಹಾಕಬಹುದು. ಹೊಸ ಏರಿಯಾದ ಓನರ್ ಹಳೇ ಓನರ್‌ಗೆ ಫೋನ್ ಮಾಡಿ ವಿಚಾರಿಸುವುದೂ ಇದೆ. ಬಿಡುವ ತಾರೀಕನ್ನು ಬರವಣಿಗೆಯಲ್ಲಿ ತಿಳಿಸಿ. ಅಡ್ವಾನ್ಸ್‌ನಲ್ಲಿ ಬಾಕಿ ಎಷ್ಟು, ಪೇಂಟಿಂಗ್‌ಗೆ ಎಷ್ಟು, ವಾಪಸ್ ಬರಬೇಕಾದ್ದು ಎಷ್ಟು ಎಂದು ಮೊದಲೇ ಮಾತಾಡಿ. ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ, ಕರಾರಿನಲ್ಲಿ ಇಲ್ಲದಿದ್ದರೆ ಕಡಿಮೆ ಮಾಡಿ ಎಂದು ಕೇಳಲು ಸಂಕೋಚ ಬೇಡ.

ಖಾಲಿ ಮಾಡುವ ದಿನ ಪ್ರತಿ ಕೋಣೆ, ಬಚ್ಚಲು, ನಲ್ಲಿ, ಸ್ವಿಚ್ ಬೋರ್ಡಿನ ವಿಡಿಯೊ ಮಾಡಿ. ಕರೆಂಟ್ ಮೀಟರಿನ ಅಂಕಿಯ ಫೋಟೊ ತೆಗೆಯಿರಿ. ಬೀಗದ ಕೈ ಕೊಡುವಾಗ "ಮನೆ ಸ್ವಾಧೀನ ಪಡೆದಿದ್ದೇನೆ, ಬಾಡಿಗೆ ಬಾಕಿ ಏನೂ ಇಲ್ಲ" ಎಂದು ಓನರ್ ಕೈಯಲ್ಲಿ ಬರೆಸಿಕೊಳ್ಳಿ. ಬಾಕಿ ಉಳಿದಿದ್ದರೆ ಎಷ್ಟು ಎಂದು ಬರೆಸಿ. ಸೇವಾ ಸಿಂಧುವಿನಲ್ಲಿ ಗೃಹಜ್ಯೋತಿಯ ಹಳೇ ಮನೆಯ ಜೋಡಣೆ ತೆಗೆಸಿ ಹೊಸ ಮನೆಗೆ ಹಾಕಿಸಿ. ಗ್ಯಾಸ್, ರೇಷನ್ ಕಾರ್ಡಿನ ವಿಳಾಸ ಬದಲಿಸಿ. ಮಕ್ಕಳ ಶಾಲೆಗೆ ಹೊಸ ವಿಳಾಸ, ಫೋನ್ ನಂಬರ್ ಕೊಡಿ. ಕೋರ್ಟಿನಲ್ಲಿ ಕೇಸು ಇದ್ದರೆ ವಕೀಲರಿಗೂ ಅದೇ ದಿನ ಹೊಸ ವಿಳಾಸ ತಿಳಿಸಿ.